ಟೇಲರ್ ಯಂಕೋಬನ ಅಳತೆ ಪುಸ್ತಕ

ಕೊಪ್ಪಳದ ಕಾಶಿನಾಥನಿಗೆ ಎರಡು ಸಂಗತಿಗಳ ಬಗ್ಗೆ ಭಾರಿ ಅಭಿಮಾನವಿತ್ತು. ಒಂದು, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ದಿನಾ ಬೆಳಿಗ್ಗೆ ಜಲಾಶಯದ ನೀರಿನ ಮಟ್ಟವನ್ನು ರಿಜಿಸ್ಟರಿನಲ್ಲಿ ಬರೆಯುವಾಗ ಹದಿನೇಳು ವರ್ಷಗಳಲ್ಲಿ ಅವನು ಒಂದು ಅಂಕಿಯನ್ನೂ ತಪ್ಪಿರಲಿಲ್ಲ. ಎರಡು, ಹೆಂಡತಿ ಸುನಿತಾಳ ವಿಷಯದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ. ಮೊದಲನೆಯದು ನಿಜವಾಗಿತ್ತು.

"ಇಪ್ಪತ್ಮೂರು ವರ್ಷ ಸಂಸಾರ ಮಾಡೀನಿ," ಎಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಅವನು ಪಕ್ಕದ ಮೇಜಿನ ಉಮಾಪತಿಗೆ ಹೇಳುತ್ತಿದ್ದ. "ಆಕಿ ಕೆಮ್ಮಿದ್ರ ಯಾಕ ಕೆಮ್ಮಿದ್ಲು ಅಂತ ಹೇಳಿಬಿಡ್ತೀನಿ."

ಉಮಾಪತಿ ತಲೆಯಾಡಿಸುತ್ತಿದ್ದ. ಅವನಿಗೆ ಮದುವೆಯಾಗಿರಲಿಲ್ಲ. ಆದ್ದರಿಂದ ಹೆಂಗಸರ ವಿಷಯದಲ್ಲಿ ಇಡೀ ಕಚೇರಿಗೆ ಅವನೇ ಸಲಹೆಗಾರ.

ಕಳೆದ ದಸರೆಯಲ್ಲಿ ಸುನಿತಾಳ ಕುಪ್ಪಸಗಳೆಲ್ಲ ಒಮ್ಮೆಲೇ ಬಿಗಿಯಾದವು. ಕಾಶಿನಾಥ ಕುಪ್ಪಸವನ್ನು ಬೆಳಕಿಗೆ ಹಿಡಿದು ನೋಡಿ, ಇದು ಸಾಬೂನಿನ ದೋಷ, ಅರಿವೆ ಕುಗ್ಗಿದೆ ಎಂದು ತೀರ್ಪು ಕೊಟ್ಟ. ಕಿರಾಣಿ ಅಂಗಡಿಯವನ ಜೊತೆ ಜಗಳವಾಡಿ ಬೇರೆ ಸಾಬೂನು ತಂದ. ಸ್ವಲ್ಪ ದಿನಕ್ಕೆ ಅವೇ ಕುಪ್ಪಸಗಳು ಸಡಿಲವಾದವು. ಹೊಸ ಸಾಬೂನು ಅರಿವೆಯನ್ನು ಹಿಗ್ಗಿಸುತ್ತದೆ ಎಂದು ಹೋಗಿ ಮತ್ತೆ ಜಗಳವಾಡಿದ. ಜನವರಿಯ ಚಳಿಯಲ್ಲಿ ಇಡೀ ಓಣಿ ಕಂಬಳಿ ಹೊದ್ದುಕೊಂಡಿರುವಾಗ ಸುನಿತಾ "ಭಾಳ ಸೆಕಿ ಆಗಾಕತ್ತೈತ್ರಿ" ಎಂದು ಕಿಟಕಿ ತೆರೆದಳು. ಗಂಡ ಮರುದಿನವೇ ಆಳು ಕರೆಸಿ ಮಾಳಿಗೆಗೆ ಸುಣ್ಣ ಹೊಡೆಸಿದ. ರೊಟ್ಟಿ ಬಡಿಯುವ ಸದ್ದು ಜೋರಾದಾಗ ಹಿಟ್ಟು ನುಣ್ಣಗಿಲ್ಲವೆಂದು ಗಿರಣಿಯವನನ್ನು ಬೈದ. ಕಣ್ಣಲ್ಲಿ ನೀರು ಕಂಡಾಗ "ಈ ಸಲದ ಉಳ್ಳಾಗಡ್ಡಿ ಭಾಳ ಘಾಟ ಅದಾವು" ಎಂದ. ಅಂದು ಅವಳು ಹೆಚ್ಚುತ್ತಿದ್ದುದು ಸೌತೆಕಾಯಿ.

ಹೀಗೆ ಹೆಂಡತಿಯೊಬ್ಬಳನ್ನು ಬಿಟ್ಟು ಮನೆಯ ಎಲ್ಲವನ್ನೂ ಅವನು ಕಾಳಜಿಯಿಂದ ದುರಸ್ತಿ ಮಾಡಿಸಿದ.

ಶಿವರಾತ್ರಿ ಕಳೆದ ಮೇಲೊಂದು ಸಂಜೆ ಸುನಿತಾ, "ಬರೂ ಮುಂದ ಯಂಕೋಬನ ಅಂಗಡಿಯಿಂದ ನನ್ನ ಬ್ಲೌಸ್ ಇಸ್ಕೊಂಡು ಬರ್ರಿ" ಎಂದು ಫೋನು ಮಾಡಿದಳು. ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಯಂಕೋಬನ ಲೇಡೀಸ್ ಟೇಲರ್ ಅಂಗಡಿ. ಯಂಕೋಬನಿಗೆ ನಲವತ್ತು ವರ್ಷ, ತಲೆತುಂಬ ಕೂದಲು, ರೇಶಿಮೆಯಂಥ ದನಿ. ಕಾಶಿನಾಥನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

"ಬರ್ರಿ ಸರ, ಬರ್ರಿ. ಅಕ್ಕಾರು ಹೆಂಗದಾರ? ಈಗರ ನಿದ್ದಿ ಹತ್ತತೈತೇನ್ರಿ?"

ಕಾಶಿನಾಥನ ಕಾಲು ಮೆಟ್ಟಿಲ ಮೇಲೇ ನಿಂತಿತು. "ಯಾರಿಗೆ ನಿದ್ದಿ?"

"ಅಕ್ಕಾರಿಗೆ ರೀ. ಮೂರು ತಿಂಗಳಿಂದ ನಿದ್ದಿನ ಇಲ್ಲ ಅಂತಿದ್ರಲ್ಲ." ಯಂಕೋಬ ಕುಪ್ಪಸವನ್ನು ಕಾಗದದಲ್ಲಿ ಸುತ್ತುತ್ತ ಮುಂದುವರಿಸಿದ. "ದಸರಾಕ್ಕ ಮೂವತ್ತಾರಿಂದ ಮೂವತ್ತೆಂಟಕ್ಕ ಏರಿದ್ರು. ನಡುವ ಒಂದಿಷ್ಟು ಇಳದ್ರು. ಸಂಕ್ರಾಂತಿಗೆ ನಲವತ್ತಕ್ಕ ಹೋದ್ರು. ಈಗ ಮತ್ತ ಒಂದೂವರಿ ಇಳದಾರ. ಅದಕ್ಕ ಎರಡೂ ಮಗ್ಗಲಾ ಒಳಗ ಒಂದೊಂದು ಇಂಚು ಅರವಿ ಬಿಟ್ಟೀನ್ರಿ. ಮೈ ಬಂದ್ರ ಬಿಚ್ಚೂದು, ಇಳದ್ರ ಹಾಕೂದು. ಮನಸಿಗೆ ಹಚ್ಕೋಬ್ಯಾಡ್ರಿ ಅಂತ ಹೇಳ್ರಿ ಅವರಿಗೆ. ಮೊನ್ನೆ ಇಲ್ಲೇ ಕುಂತು ಅತ್ತುಬಿಟ್ರು, ಪಾಪ."

ಕಾಶಿನಾಥ ಕಾಗದದ ಸುರುಳಿ ಹಿಡಿದುಕೊಂಡು ಮನೆಗೆ ನಡೆದ. ದಾರಿಯಲ್ಲಿ ಇಬ್ಬರು ಪರಿಚಯದವರು ನಮಸ್ಕಾರ ಮಾಡಿದರು, ಅವನಿಗೆ ಕಾಣಲಿಲ್ಲ. ಹೊಟ್ಟೆಯಲ್ಲಿ ಯಾರೋ ಒಲೆ ಹೊತ್ತಿಸಿ ಊದುತ್ತಿದ್ದರು. ತನ್ನ ಹೆಂಡತಿ ಮೂವತ್ತಾರಾಗಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅಂಥದ್ದರಲ್ಲಿ ಅವಳು ಏರಿ, ಇಳಿದು, ಮತ್ತೆ ಏರಿ, ಮತ್ತೆ ಇಳಿದಿದ್ದಳು. ಪ್ರತಿ ತಿರುವಿನಲ್ಲೂ ಯಂಕೋಬ ನಿಂತು ನೋಡಿದ್ದ. ಅದಕ್ಕಿಂತ ಹೆಚ್ಚಾಗಿ, ಅವಳು ಅತ್ತಿದ್ದಳು. ಗಂಡನ ಮನೆ ಬಿಟ್ಟು ಟೇಲರ್ ಅಂಗಡಿಗೆ ಹೋಗಿ ಅತ್ತಿದ್ದಳು!

ಮನೆಯಲ್ಲಿ ಸುನಿತಾ ಕುಪ್ಪಸ ತೊಟ್ಟು ಕನ್ನಡಿಯ ಮುಂದೆ ನಿಂತಳು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತು. "ಯಂಕೋಬಗ ಎಷ್ಟು ಬರೋಬ್ಬರಿ ತಿಳೀತೈತಿ ನೋಡ್ರಿ," ಎಂದಳು.

"ನನಗೂ ತಿಳೀತೈತಿ."

"ಏನು?"

"ಎಲ್ಲಾ."

ಸುನಿತಾ ತಿರುಗಿದಳು. ಕ್ಷಣಹೊತ್ತು ಅವನನ್ನೇ ನೋಡಿದಳು. "ಹಂಗಿದ್ರ ಹೇಳ್ರಿ ನೋಡೂಣು. ನನಗ ಏನಾಗೈತಿ?"

ಕಾಶಿನಾಥ ಕನ್ನಡಕ ಸರಿಮಾಡಿಕೊಂಡ. ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಇಪ್ಪತ್ಮೂರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, "ಹಣಿ ಮ್ಯಾಲಿನ ಟಿಕಳಿ ಬದಲಿ ಮಾಡಿದಿ," ಎಂದ.

ಸುನಿತಾ ನೇರ ಅಡುಗೆಮನೆಗೆ ಹೋದಳು. ಅಂದು ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಹೊರಬಂದು ನೋಡಿದರು.

ಮರುದಿನ ಉಮಾಪತಿ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದ.

"ಟೇಲರ್ ಅಂದ್ರ ಸಣ್ಣ ಮಾತಲ್ಲೋ ಕಾಶಿನಾಥ. ಡಾಕ್ಟರಾದ್ರ ನಾಡಿ ಒಂದ ಹಿಡೀತಾನ. ಇಂವ ಟೇಪ್ ಹಿಡೀತಾನ. ನಿನ್ನ ಮನಿಯಾಕಿ ಅಳತಿ ಯಾವನ ಕಡೆ ಐತೋ ಅವನ ಕಡೆ ನಿನ್ನ ಸಂಸಾರದ ಕೀಲಿ ಐತಿ ಅಂತ ತಿಳಕೊ."

"ಮತ್ತ ಈಗ ಏನ್ ಮಾಡ್ಲಿ?"

"ದಾಖಲೆ ನೋಡು. ದಾಖಲೆ ಇಲ್ದ ಸರ್ಕಾರಿ ಮನಷ್ಯಾ ಮಾತಾಡಬಾರದು."

ಬುಧವಾರ ಕಾಶಿನಾಥ ಅರ್ಧ ದಿನ ರಜೆ ಹಾಕಿ ಯಂಕೋಬನ ಅಂಗಡಿಗೆ ಹೋದ. ಒಳಗೆ ಇಬ್ಬರು ಹೆಂಗಸರು ಲೈನಿಂಗ್ ಬಟ್ಟೆ ಆರಿಸುತ್ತ ಕುಳಿತಿದ್ದರು.

"ನನ್ನ ಅಳತಿ ತಗೋ," ಎಂದ ಕಾಶಿನಾಥ.

"ಸರ, ಇದು ಲೇಡೀಸ್ ಟೇಲರ್ ರೀ."

"ಯಾಕ, ನನಗ ಎದಿ ಇಲ್ಲೇನು? ತಗೋ ಅಂದ್ರ ತಗೋ! ನೀ ಹೆಂಗ ಅಳೀತಿ ಅನ್ನೂದು ನಾನೂ ನೋಡಬೇಕು."

ಯಂಕೋಬ ಗಿರಾಕಿಗಳ ಮುಖ ನೋಡಿದ, ಕಾಶಿನಾಥನ ಕೆಂಪು ಮುಖ ನೋಡಿದ, ಟೇಪು ತೆಗೆದ. "ಎದಿ ಮೂವತ್ತಾರು," ಎಂದ ಮೆಲ್ಲಗೆ. "ಹೊಟ್ಟಿ ನಲವತ್ಮೂರು."

"ಎದಿಗಿಂತ ಹೊಟ್ಟಿ ಮುಂದ ನಡದೈತಿ," ಎಂದು ಹೆಂಗಸರಲ್ಲಿ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು.

ಯಂಕೋಬ ಇಸ್ತ್ರಿಪೆಟ್ಟಿಗೆ ಆರಿಸಲು ಒಳಗೆ ಹೋದ. ಕಾಶಿನಾಥ ಮೇಜಿನ ಮೇಲಿದ್ದ ಉದ್ದನೆಯ ಅಳತೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಹಾಳೆ ತಿರುವಿದ. ನಡುಮಧ್ಯದಲ್ಲಿ ಸಿಕ್ಕಿತು: 'ಸುನಿತಾ ಅಕ್ಕಾರು.' ಕೆಳಗೆ ತಾರೀಖು, ಅಂಕಿ, ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಟಿಪ್ಪಣಿ. 'ತೋಳು ಸಡಿಲ ಇರಲಿ, ಸೆಕೆ ಆಗುತ್ತದೆ.' 'ಹತ್ತಿ ಲೈನಿಂಗ್ ಮಾತ್ರ.' 'ಬೇಜಾರದಲ್ಲಿ ಇದ್ದಾರೆ, ಲಗೂ ಹೊಲಿದು ಕೊಡಬೇಕು.'

ಕಾಶಿನಾಥ ಆ ಕೊನೆಯ ಸಾಲನ್ನು ಮೂರು ಸಲ ಓದಿದ. ಅಂಕಿಗಳನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ತನ್ನ ಹೆಂಡತಿಗೆ ಬೇಜಾರಾಗಿದೆ ಎಂಬುದನ್ನು ಇನ್ನೊಬ್ಬನ ಕೈಬರಹದಲ್ಲಿ ಓದುವುದು ಅವನಿಂದಾಗಲಿಲ್ಲ. ಚರ್ರೆಂದು ಹಾಳೆ ಹರಿದ, ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟ, ಹೊರಬಿದ್ದ. ಆ ಹಾಳೆಗೆ ಇನ್ನೊಂದು ಮಗ್ಗುಲಿದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಇಂಜಿನಿಯರ್ ಸಿದ್ದೇಶ ಸಾಹೇಬರ ಕೋಣೆಯಲ್ಲಿ ಶ್ರೀರಾಮನಗರದ ಇಬ್ಬರು ಭತ್ತದ ರೈತರು ಕುಳಿತಿದ್ದರು. ಕಾಲುವೆಗೆ ಇನ್ನೂ ಎಷ್ಟು ದಿನ ನೀರು ಬಿಡುತ್ತೀರಿ ಎಂಬುದು ಅವರ ಪ್ರಶ್ನೆ. ಮೇಜಿನ ಮೇಲಿನ ಫೋನಿನಲ್ಲಿ ಗಂಗಾವತಿ ಕಚೇರಿಯ ಗುಮಾಸ್ತ ಕಾಯುತ್ತಿದ್ದ. ಎಲ್ಲರಿಗೂ ಕೇಳಲೆಂದು ಸಾಹೇಬರು ಸ್ಪೀಕರ್ ಹಾಕಿದ್ದರು.

"ಕಾಶಿನಾಥ, ಇವತ್ತಿನ ಮಟ್ಟ ಕೊಡು."

ಕಾಶಿನಾಥ ಕಿಸೆಗೆ ಕೈಹಾಕಿ ಚೀಟಿ ಕೊಟ್ಟ. ಅವನ ಕಿಸೆಯಲ್ಲಿ ಅಂದು ಎರಡು ಚೀಟಿಗಳಿದ್ದವು.

"ಹೂಂ, ಬರಕೋ," ಎಂದರು ಸಾಹೇಬರು ಫೋನಿಗೆ, ಕನ್ನಡಕ ಏರಿಸುತ್ತ. "ಎದೆ ನಲವತ್ತೆರಡು... ಸೊಂಟ ನಲವತ್ತು..."

"ಸರ," ಎಂದಿತು ಫೋನು, "ಸೊಂಟ ಅಂದ್ರ ಯಾವ ಕಾಲುವಿ ರೀ?"

"ಎಡದಂಡಿದು ಇರಬೇಕು," ಎಂದ ರೈತರಲ್ಲಿ ಒಬ್ಬ.

ಸಾಹೇಬರು ಚೀಟಿಯ ನೆತ್ತಿಯತ್ತ ನೋಡಿದರು. ಅಲ್ಲಿ ಯಂಕೋಬನ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಅಮೃತಾ ಮೇಡಂ, ಮುನಿರಾಬಾದ್ ಕಾಲನಿ. ಕುಷ್ಟಗಿ ಮದುವೆಗೆ. ಭಾನುವಾರ ತಪ್ಪಬಾರದು.'

ಸಾಹೇಬರು ಕನ್ನಡಕ ತೆಗೆದರು. "ಕಾಶಿನಾಥ. ಇದು ನನ್ನ ಹೆಂಡ್ತಿ ಹೆಸರು."

"ಸರ, ಆ ಮಗ್ಗಲಕ್ಕೂ ನನಗೂ ಸಂಬಂಧ ಇಲ್ರಿ. ನಂದು ಈ ಕಡೀ ಮಗ್ಗಲಾ."

"ನನ್ನ ಹೆಂಡ್ತಿ ಅಳತಿ ನಿನ್ನ ಕಿಸೇದಾಗ ಯಾಕ ಐತಿ?"

"ನನಗ ಗೊತ್ತಿದ್ದಿಲ್ರಿ ಸರ."

"ಗೊತ್ತಿಲ್ದ ಬಂತು? ಹಾರಿ ಬಂದು ಕುಂತಿತು?" ಸಾಹೇಬರ ಕಿವಿ ಕೆಂಪಾದವು. ಹೊಟ್ಟೆಯ ಒಲೆ ಹೊತ್ತಿದವನ ಮುಖ ಹೇಗಿರುತ್ತದೆಂದು ಕಾಶಿನಾಥನಿಗೆ ಒಂದು ವಾರದಿಂದ ಚೆನ್ನಾಗಿ ಗೊತ್ತಿತ್ತು. ಸಾಹೇಬರು ಚೀಟಿಯನ್ನು ಮತ್ತೆ ನೋಡಿ, ತಮ್ಮಷ್ಟಕ್ಕೆ ಗೊಣಗಿದರು: "ಮೂವತ್ನಾಕು ಇತ್ತಲ್ಲ. ನಲವತ್ತು ಯಾವಾಗ ಆತು?"

ಕೇಳಿದ ಮಾಹಿತಿಯನ್ನು ಒದಗಿಸುವುದು ಹದಿನೇಳು ವರ್ಷದ ಅಭ್ಯಾಸ. ಕಾಶಿನಾಥ ಮುಂದೆ ಬಾಗಿ ಬೆರಳಿಟ್ಟು ತೋರಿಸಿದ. "ಹೋದ ದೀಪಾವಳಿಗೆ ಸರ. ಇಲ್ಲೇ ತಾರೀಖು ಐತ್ರಿ."

"ನೀ ತಾರೀಖೂ ನೋಡೀಯೇನು!" ಎಂದು ಸಾಹೇಬರು ಎದ್ದು ನಿಂತರು. ರೈತರೂ ಎದ್ದು ನಿಂತರು.

ಅಷ್ಟರಲ್ಲಿ ಬಾಗಿಲು ತೆರೆದು ಮೂವರು ಹೆಂಗಸರು ಒಳಗೆ ಬಂದರು. ಮುಂದೆ ಇದ್ದಾಕೆ ಕೊರಳಿಗೆ ಟೇಪು ಹಾಕಿಕೊಂಡ ದಪ್ಪ ಹೆಂಗಸು, ಯಂಕೋಬನ ಹೆಂಡತಿ ದುರುಗವ್ವ. ಬೆಳಿಗ್ಗೆ ಅಮೃತಾ ಮೇಡಂ ಅವರ ಕುಪ್ಪಸ ಕತ್ತರಿಸಲು ಪುಸ್ತಕ ತೆರೆದಾಗ ಹಾಳೆ ಇರಲಿಲ್ಲ. ಹರಿದವನು ಯಾರೆಂದು ಲೈನಿಂಗ್ ಆರಿಸಲು ಬಂದಿದ್ದ ಹೆಂಗಸರು ಹೊಟ್ಟೆಯ ಅಳತೆ ಸಮೇತ ಹೇಳಿದ್ದರು. ದುರುಗವ್ವ ಸುನಿತಾಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದ್ದಳು. ಕಾಲನಿಯಲ್ಲಿ ಇಳಿದು ಅಮೃತಾ ಅವರನ್ನೂ ಕೂಡಿಸಿಕೊಂಡಿದ್ದಳು.

"ಯಾವನಪಾ ಅಂವ, ನಮ್ಮ ಹಾಳಿ ಹರಕೊಂಡು ಬಂದಾಂವ?"

ಕಾಶಿನಾಥ ಉಮಾಪತಿಯ ಮಾತನ್ನು ನೆನೆದು ಧೈರ್ಯ ತಂದುಕೊಂಡ. "ನಿನ್ನ ಗಂಡ ನನ್ನ ಹೆಂಡ್ತಿ ಅಳತಿ ಯಾಕ ತಗೋಬೇಕು?"

"ನನ್ನ ಗಂಡ?" ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು. "ಹದಿನೆಂಟು ವರ್ಷದಾಗ ಒಂದ ಹೆಣ್ಣಮಗಳಿಗೂ ಅಂವ ಟೇಪ್ ಹಚ್ಚಿಲ್ಲ. ಪರದೆ ಒಳಗ ಅಳತಿ ತಗೊಳ್ಳಾಕಿ ನಾನು. ನಾ ಒಳಗಿಂದ ಒದರತೀನಿ, ಅಂವ ಹೊರಗ ಕುಂತು ಬರೀತಾನ. ಮೊಟ್ಟಮೊದಲ ಅಂವ ಕೈಯಾರೆ ಅಳತಿ ತಗೊಂಡಿದ್ದು ನಿನ್ನೆ, ನಿಂದು! ಮನಿಗೆ ಬಂದು ಊಟ ಬಿಟ್ಟು ಮಲಕೊಂಡಾನ."

"ಮತ್ತ... ಈಕಿ ಅತ್ತಿದ್ದು?"

"ನನ್ನ ಹೆಗಲ ಮ್ಯಾಲ."

ಕಾಶಿನಾಥನ ಎದೆಯಿಂದ ದೊಡ್ಡ ಕಲ್ಲೊಂದು ಇಳಿಯಿತು. ಅವನು ನಗಲು ಬಾಯಿ ತೆರೆದ. ಸುನಿತಾಳ ಮುಖ ನೋಡಿ ಮುಚ್ಚಿಕೊಂಡ.

ಸುನಿತಾಳ ಹಣೆಯ ಮೇಲೆ ಬೆವರು ಮೂಡಿತ್ತು. ಕೊರಳು, ಕಿವಿ ಕೆಂಪೇರುತ್ತಿದ್ದವು. ಅವಳು ಯಾರನ್ನೂ ಕೇಳದೆ ಗೋಡೆಯ ಹತ್ತಿರ ಹೋಗಿ ಫ್ಯಾನನ್ನು ಐದಕ್ಕೆ ತಿರುವಿದಳು, ಎರಡೂ ಕಿಟಕಿಗಳನ್ನು ದಡಾರೆಂದು ತೆರೆದಳು. ಮೇಜಿನ ಮೇಲಿನ ಕಾಗದಗಳೆಲ್ಲ ಎದ್ದು ಹಾರಿದವು. ರೈತರು ಅವನ್ನು ಹಿಡಿಯತೊಡಗಿದರು.

"ಇದ ನೋಡ್ರಿ, ಇದ ನನಗ ಆಗಾಕತ್ತಿದ್ದು," ಎಂದಳು ಸುನಿತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನನಗ ನಲವತ್ತೇಳು. ಮುಟ್ಟು ನಿಲ್ಲೂ ಕಾಲ ಬಂದೈತಿ. ಒಂದ ತಿಂಗಳ ಆಗತೈತಿ, ಎರಡ ತಿಂಗಳ ಇಲ್ಲ. ಕುಂತಲ್ಲೇ ಮೈಯಾಗ ಬೆಂಕಿ ಹತ್ತತೈತಿ. ಅಷ್ಟ ಊಟ, ಅಷ್ಟ ಕೆಲಸ, ಆದ್ರೂ ಮೈ ಬರತೈತಿ. ಗಾಬರಿಯಾಗಿ ಊಟ ಬಿಟ್ರ ಇಳೀತೈತಿ. ಉಂಡ್ರ ಮತ್ತ ಬರತೈತಿ. ಹಾರ್ಮೋನ್ ಏರುಪೇರು ಅಂತ ಡಾಕ್ಟರು ಹೇಳ್ಯಾರ. ಕನ್ನಡಿ ಮುಂದ ನಿಂತ್ರ ಈಕಿ ಯಾರೋ ಅನಸತೈತಿ ನನಗ."

ರೈತರು ಬಾಗಿಲ ಕಡೆ ಸರಿದರು. "ಕುಂದರ್ರಿ!" ಎಂದಳು ದುರುಗವ್ವ. "ನಿಮ್ಮ ಮನ್ಯಾಗೂ ಹೆಣ್ಣಮಕ್ಕಳು ಅದಾರ." ಅವರು ಕುಳಿತರು.

"ನನಗ್ಯಾಕ ಹೇಳಲಿಲ್ಲ ನೀ?" ಎಂದ ಕಾಶಿನಾಥ. ದನಿ ಸಣ್ಣದಾಗಿತ್ತು.

"ಹೇಳಾಕ ಬಂದೆ. ಬ್ಲೌಸ್ ಹತ್ತವಲ್ದು ಅಂದೆ, ಸಾಬೂನು ತಂದ್ರಿ. ಸೆಕಿ ಅಂದೆ, ಮಾಳಿಗಿಗೆ ಸುಣ್ಣ ಹೊಡಿಸಿದ್ರಿ. ಡ್ಯಾಮಿನ್ಯಾಗ ಒಂದ ಬಟ್ಟು ನೀರು ಏರಿದ್ರ ಓಡಿಹೋಗಿ ಬರೀತೀರಿ. ಮನ್ಯಾಗಿನ ಹೆಂಡ್ತಿ ನಾಕು ಇಂಚು ಏರಿ ಇಳದ್ರ ಕಾಣಲಿಲ್ಲ. ಟೇಲರ್ ಮ್ಯಾಲ ಹೊಟ್ಟಿಕಿಚ್ಚು ಪಟ್ರಲ್ಲ, ಅಂವ ಏನೂ ದೊಡ್ಡ ಕೆಲಸ ಮಾಡಿಲ್ರಿ. 'ಯಾಕಕ್ಕಾ, ಆರಾಮ ಇಲ್ಲೇನು' ಅಂತ ಕೇಳಿದ. ನೀವು ಕೇಳಲಿಲ್ಲ. ಅಷ್ಟ ಫರಕು."

ಸಾಹೇಬರು ಮೆಲ್ಲಗೆ ತಮ್ಮ ಹೆಂಡತಿಯತ್ತ ತಿರುಗಿದರು.

"ನಿನಗೂ ಹಿಂಗ ಏನು?"

"ಒಂದೂವರಿ ವರ್ಷ ಆತು," ಎಂದರು ಅಮೃತಾ. "ನಾವಿಬ್ರೂ ಒಂದ ಡಾಕ್ಟರ್ ಕಡೆ ತೋರಸಾಕತ್ತೀವಿ."

"ನಾ ನಿನಗ ನನ್ನ ಮ್ಯಾಲ ಸಿಟ್ಟು ಅಂತ ತಿಳಕೊಂಡಿದ್ದೆ."

"ಸಿಟ್ಟೂ ಇತ್ತು."

ಆಗ ಮೇಜಿನ ಮೇಲಿನ ಫೋನು ಕೆಮ್ಮಿತು. "ಸರ, ನಾ ಇನ್ನೂ ಲೈನಿನ್ಯಾಗ ಅದೀನ್ರಿ. ಸೊಂಟ ಬರಕೊಳ್ಳೂದಾ, ಬ್ಯಾಡಾ?"

ಹಾಳೆಯನ್ನು ಆ ಸಂಜೆಯೇ ಕಾಶಿನಾಥ ಸ್ವಂತ ಕೈಯಿಂದ ಅಂಟು ಹಚ್ಚಿ ಪುಸ್ತಕಕ್ಕೆ ಅಂಟಿಸಿದ. ಯಂಕೋಬ "ಇರ್ಲಿ ಬಿಡ್ರಿ ಸರ" ಎಂದ. ಅಷ್ಟೆಂದರೂ ಟೇಪನ್ನು ಬೆನ್ನ ಹಿಂದೆ ಅಡಗಿಸಿಯೇ ನಿಂತಿದ್ದ. ಅಮೃತಾ ಅವರ ಕುಪ್ಪಸ ಭಾನುವಾರಕ್ಕೆ ತಯಾರಾಯಿತು. ಕುಷ್ಟಗಿಯ ಮದುವೆಯಲ್ಲಿ ಸಾಹೇಬರು ಹೆಂಡತಿಯ ಕುರ್ಚಿಯನ್ನು ತಾವೇ ಹೊತ್ತು ಫ್ಯಾನಿನ ಕೆಳಗೆ ಇಟ್ಟರೆಂದೂ, ಬೀಗರು ಅದನ್ನು ನೋಡಿ ಏನೋ ಕಾಯಿಲೆಯೆಂದು ಗಾಬರಿಯಾದರೆಂದೂ ವರದಿ ಬಂತು.

ಮುಂದಿನ ಗುರುವಾರ ಸುನಿತಾ ಡಾಕ್ಟರ್ ಅಂಜುಮ ಅವರ ದವಾಖಾನೆಗೆ ಹೊರಟಾಗ ಕಾಶಿನಾಥ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

"ನೀವು ಹೊರಗ ಕುಂದರ್ರಿ," ಎಂದಳು ಸುನಿತಾ.

ಅವನು ಹೊರಗೆ ಕೂರಲಿಲ್ಲ. ಡಾಕ್ಟರು "ಏನು ತ್ರಾಸು" ಎಂದು ಕೇಳುವ ಮೊದಲೇ ಶುರುಮಾಡಿದ. ದಸರೆಯಿಂದ ಹಿಡಿದು ಅಂದಿನ ಬೆಳಗಿನವರೆಗೆ ಬೆವರು, ಬೇಜಾರು, ನಿದ್ದೆ, ತೂಕ ಎಲ್ಲವನ್ನೂ ತಾರೀಖು ಸಹಿತ ಒಪ್ಪಿಸಿದ. ಎಷ್ಟು ಮನಸಿಟ್ಟು ಒಪ್ಪಿಸಿದನೆಂದರೆ, ಡಾಕ್ಟರ್ ಅಂಜುಮ ಪೆನ್ನು ಕೆಳಗಿಟ್ಟು, "ತ್ರಾಸು ಯಾರಿಗ್ರಿ, ನಿಮಗೋ ಅವರಿಗೋ?" ಎಂದರು.

"ನನಗ ರೀ," ಎಂದಳು ಸುನಿತಾ. "ಇವರದು ಈಗಷ್ಟ ಚಾಲೂ ಆಗೈತಿ."

ಡಾಕ್ಟರು ನಕ್ಕರು. ಇದು ರೋಗವಲ್ಲ, ಇನ್ನೂ ಕೆಲ ವರ್ಷ ಹೀಗೆ ಏರಿಳಿತ ಇರಬಹುದು, ಊಟ ಬಿಡಬೇಡಿ, ದಿನಾ ನಡೆಯಿರಿ, ರಕ್ತಸ್ರಾವ ಹೆಚ್ಚಾದರೆ ತಡಮಾಡದೆ ಬನ್ನಿ ಎಂದು ಸಮಾಧಾನವಾಗಿ ತಿಳಿಸಿದರು. ಕಾಶಿನಾಥ ಪ್ರತಿ ಮಾತನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಹೊರಗೆ ಬಂದು ಮಾತ್ರೆಗಾಗಿ ಕಾಯುತ್ತ ಬೆಂಚಿನ ಮೇಲೆ ಕುಳಿತಾಗ ಸುನಿತಾಳಿಗೆ ಮತ್ತೆ ಬೆವರು ಕಿತ್ತಿತು. ಕಾಶಿನಾಥ ತಕ್ಷಣ ಅವಳ ಫೈಲಿನಿಂದ ಗಾಳಿ ಬೀಸತೊಡಗಿದ. ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ಒಟ್ಟಿಗೇ ತಿರುಗಿ ನೋಡಿದರು. ಅವರ ಗಂಡಂದಿರೆಲ್ಲ ಹೊರಗೆ ಬೈಕುಗಳ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದರು. ಯಲಬುರ್ಗಾ ಕಡೆಯಿಂದ ಮಗಳನ್ನು ಕರೆತಂದಿದ್ದ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ.

"ಎಂಥಾ ಪುಣ್ಯಾ ಮಾಡಿಯವ್ವಾ ನೀ! ಹಿಂಗ ಗಾಳಿ ಬೀಸೂ ಗಂಡನ್ನ ನಾ ಹುಟ್ಟಿದಾಗಿಂದ ನೋಡಿಲ್ಲ."

"ಬೇಕಾದ್ರ ಒಂದ ವಾರ ಕರಕೊಂಡು ಹೋಗಬೇ ಆಯಿ," ಎಂದಳು ಸುನಿತಾ. "ತಿರುಗಿ ತಂದು ಬಿಟ್ರ ಸಾಕು."

ದವಾಖಾನೆಯೆಲ್ಲ ನಕ್ಕಿತು. ಸುನಿತಾಳೂ ನಕ್ಕಳು. ಆರು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಆಟೋದಲ್ಲಿ ಕಾಶಿನಾಥ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಮೆಲ್ಲಗೆ ಕೇಳಿದ:

"ಆ ಮುದುಕಿ ಜೋಡಿ ನನ್ನ ಖರೇನ ಕಳಸ್ತಿದ್ದೇನು?"

"ಯಾಕ, ಹೋಗೂ ಮನಸೈತೇನು?"

"ಛೇ ಛೇ! ಆ ಆಯಿಗೆ ಎಪ್ಪತ್ತರ ಮ್ಯಾಲ ಆಗಿರಬೇಕು. ಎಡಗಡೆ ಎರಡು ಹಲ್ಲು ಇಲ್ಲ, ಹಸರ ಇಳಕಲ್ ಸೀರಿ ಉಟ್ಟಾಳ, ಮೊಣಕಾಲು ನೋವು ಇದ್ದಂಗ ಐತಿ, ಪಾಪ."

ಸುನಿತಾ ಮೆಲ್ಲಗೆ ಅವನ ಕಡೆ ತಿರುಗಿದಳು. ನಗೆ ಮುಖದಿಂದ ಇಳಿದುಹೋಗಿತ್ತು.

"ಅಷ್ಟೆಲ್ಲಾ ನೋಡಿದ್ರಿ?" ಎಂದಳು. "ಒಂದ ನೋಟಕ್ಕ?"